ಎಂಜಿಎಂಟಿ ಒಳ್ಳೆಯದು, ಐಡಿಎಚ್ ಕೆಟ್ಟದ್ದು: ಅಮ್ಮನ ಬಯಾಪ್ಸಿ ರಿಪೋರ್ಟ್ ಏನು ಹೇಳುತ್ತಿದೆ?

ಪ್ರಶ್ನೆ: ನಮ್ಮ ತಾಯಿಗೆ 52 ವರ್ಷ. ಕಳೆದ ತಿಂಗಳು ತಲೆನೋವು, ವಾಂತಿ ಶುರುವಾಗಿ ಆಮೇಲೆ ಫಿಟ್ಸ್ ಬಂತು. ಎಂಆರ್‌ಐ ಮಾಡಿಸಿದಾಗ ಬಲಗಡೆ ಟೆಂಪೊರಲ್ ಭಾಗದಲ್ಲಿ ಗೆಡ್ಡೆ ಕಂಡಿತು. ಬೆಂಗಳೂರಿನಲ್ಲಿ ಆಪರೇಶನ್ ಆಯಿತು, ಕಾಣುವಷ್ಟನ್ನೆಲ್ಲ ತೆಗೆದಿದ್ದೇವೆ ಎಂದರು. ಬಯಾಪ್ಸಿ ರಿಪೋರ್ಟ್‌ನಲ್ಲಿ ‘ಗ್ಲಯೊಬ್ಲಾಸ್ಟೊಮಾ, ಐಡಿಎಚ್ ವೈಲ್ಡ್‌ಟೈಪ್, ಗ್ರೇಡ್ 4, ಎಟಿಆರ್‌ಎಕ್ಸ್ ರಿಟೇನ್ಡ್, ಟರ್ಟ್ ಪ್ರೊಮೋಟರ್ ಮ್ಯುಟೇಶನ್ ಇದೆ, ಎಂಜಿಎಂಟಿ ಪ್ರೊಮೋಟರ್ ಮಿಥೈಲೇಟೆಡ್, ಕೆಐ-67 30%’ ಎಂದು ಬರೆದಿದೆ. ಎಂಜಿಎಂಟಿ ಒಳ್ಳೆಯ ಲಕ್ಷಣ ಅಂತ ಡಾಕ್ಟರು ಹೇಳಿದರು. ಅಮೆರಿಕದಲ್ಲಿರುವ ನಮ್ಮ ದೊಡ್ಡಪ್ಪನ ಮಗ ರಿಪೋರ್ಟ್ ಓದಿ, ಐಡಿಎಚ್ ವೈಲ್ಡ್‌ಟೈಪ್, ಟರ್ಟ್ ಎರಡೂ ಕೆಟ್ಟವು ಅನ್ನುತ್ತಾನೆ. ಯಾರ ಮಾತು ನಂಬುವುದು? ಎಷ್ಟು ಸಮಯ ಇದೆ ಅಂತ ಈ ಟೆಸ್ಟ್‌ಗಳಿಂದ ಗೊತ್ತಾಗುತ್ತದೆಯೇ? ನೂರಾರು ಜೀನ್ ನೋಡುವ ಎನ್‌ಜಿಎಸ್ ಪರೀಕ್ಷೆ ಮಾಡಿಸಿ ಅಂತ ಒಂದು ಲ್ಯಾಬ್‌ನವರು ಹೇಳುತ್ತಿದ್ದಾರೆ, ಮಾಡಿಸಬೇಕೇ? ಮಕ್ಕಳಾದ ನಮಗೂ ಬರಬಹುದೇ? (ಹಾಸನದ ಓದುಗರೊಬ್ಬರು)

ಉತ್ತರ: ನಿಮ್ಮ ಡಾಕ್ಟರು ಹೇಳಿದ್ದು ಸರಿ. ನಿಮ್ಮ ಅಣ್ಣ ಹೇಳಿದ್ದೂ ತಪ್ಪಲ್ಲ, ಆದರೆ ಅವರು ಒಂದೇ ಕೆಟ್ಟ ಸಂಗತಿಯನ್ನು ಎರಡು ಮೂರು ಸಲ ಲೆಕ್ಕಕ್ಕೆ ಹಿಡಿದಿದ್ದಾರೆ. ಒಂದೇ ಸುದ್ದಿಯನ್ನು ನಾಲ್ಕು ಜನ ಬಂದು ಹೇಳಿದರೆ ಅದು ನಾಲ್ಕು ಸುದ್ದಿಯಾಗುವುದಿಲ್ಲವಲ್ಲ. ನಿಮ್ಮ ತಾಯಿಯವರ ರಿಪೋರ್ಟ್‌ನಲ್ಲಿರುವ ಸಾಲುಗಳಲ್ಲಿ ಹೆಚ್ಚಿನವು ‘ಇದು ಗ್ಲಯೊಬ್ಲಾಸ್ಟೊಮಾ, ಅಂದರೆ ಮೆದುಳಿನ ಉಗ್ರ ಕ್ಯಾನ್ಸರ್ ಗೆಡ್ಡೆ’ ಎಂಬ ಒಂದೇ ಮಾತನ್ನು ಬೇರೆ ಬೇರೆ ದಾರಿಯಿಂದ ಹೇಳುತ್ತಿವೆ. ಹೊಸದಾಗಿ ಏನನ್ನಾದರೂ ಹೇಳುತ್ತಿರುವುದು ಎಂಜಿಎಂಟಿ ಸಾಲು ಮಾತ್ರ.

ಐಡಿಎಚ್‌ನಿಂದ ಶುರು ಮಾಡೋಣ. 2008ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ತಂಡವೊಂದು ಗ್ಲಯೊಬ್ಲಾಸ್ಟೊಮಾ ಗೆಡ್ಡೆಗಳ ಜೀನ್‌ಗಳನ್ನು ಓದುತ್ತಿದ್ದಾಗ, ಸುಮಾರು 12% ರೋಗಿಗಳಲ್ಲಿ ಐಡಿಎಚ್1 ಎಂಬ ಜೀನ್ ಕೆಟ್ಟಿರುವುದು ಕಂಡಿತು. ಯಾರೂ ನಿರೀಕ್ಷಿಸದ ಜೀನ್ ಅದು. ಜೀವಕೋಶದ ದಿನನಿತ್ಯದ ಶಕ್ತಿ ತಯಾರಿಕೆಗೆ ಸಂಬಂಧಿಸಿದ ಒಂದು ಸಾಧಾರಣ ಕಿಣ್ವವನ್ನು ತಯಾರಿಸುವಂಥದ್ದು. ಈ ಮ್ಯುಟೇಶನ್ ಇದ್ದವರು ಬಹುಪಾಲು ಕಿರಿಯ ವಯಸ್ಸಿನವರು, ಮತ್ತು ಅವರು ಉಳಿದವರಿಗಿಂತ ಹೆಚ್ಚು ಕಾಲ ಬದುಕಿದ್ದರು. ಕೆಟ್ಟ ಕಿಣ್ವ ತನ್ನ ಕೆಲಸ ಬಿಟ್ಟು 2-ಹೈಡ್ರಾಕ್ಸಿಗ್ಲುಟಾರೇಟ್ ಎಂಬ ಬೇರೊಂದು ರಾಸಾಯನಿಕವನ್ನು ತಯಾರಿಸುತ್ತದೆ ಎಂದು ಮುಂದಿನ ವರ್ಷ ತಿಳಿಯಿತು. ಸೂಕ್ಷ್ಮದರ್ಶಕದಲ್ಲಿ ಒಂದೇ ತರ ಕಾಣುತ್ತಿದ್ದ ಗೆಡ್ಡೆಗಳು ಹುಟ್ಟಿನಿಂದಲೇ ಎರಡು ಬೇರೆ ಕಾಯಿಲೆಗಳು ಎಂದು ಆಗ ಅರ್ಥವಾಯಿತು.

ವಿಶ್ವ ಆರೋಗ್ಯ ಸಂಸ್ಥೆ 2016ರ ವರ್ಗೀಕರಣದಲ್ಲಿ ಗ್ಲಯೊಬ್ಲಾಸ್ಟೊಮಾವನ್ನು ಐಡಿಎಚ್ ಮ್ಯುಟೇಶನ್ ಇರುವುದು, ಇಲ್ಲದ್ದು ಎಂದು ಎರಡಾಗಿ ಬರೆಯಿತು. 2021ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮ್ಯುಟೇಶನ್ ಇದ್ದರೆ ಅದನ್ನು ಗ್ಲಯೊಬ್ಲಾಸ್ಟೊಮಾ ಎಂದು ಕರೆಯುವುದನ್ನೇ ನಿಲ್ಲಿಸಿತು. ಎಷ್ಟೇ ಉಗ್ರವಾಗಿ ಕಂಡರೂ ಅದು ಈಗ ‘ಆಸ್ಟ್ರೊಸೈಟೊಮಾ, ಐಡಿಎಚ್ ಮ್ಯುಟೆಂಟ್, ಗ್ರೇಡ್ 4’. ಅಂದರೆ ಈಗಿನ ಲೆಕ್ಕದಲ್ಲಿ ವಯಸ್ಕರ ಗ್ಲಯೊಬ್ಲಾಸ್ಟೊಮಾ ಎಲ್ಲವೂ ಐಡಿಎಚ್ ವೈಲ್ಡ್‌ಟೈಪೇ, ಅಂದರೆ ಐಡಿಎಚ್ ಮ್ಯುಟೇಶನ್ ಇಲ್ಲದ್ದೇ. ನಿಮ್ಮ ಅಣ್ಣ ಓದಿರಬಹುದಾದ ‘ವೈಲ್ಡ್‌ಟೈಪ್ ಇದ್ದರೆ ಇನ್ನೂ ಕೆಟ್ಟದ್ದು’ ಎಂಬ ಮಾತು ಎರಡನ್ನೂ ಒಂದೇ ಹೆಸರಿನಲ್ಲಿ ಎಣಿಸುತ್ತಿದ್ದ ಕಾಲದ್ದು.

ಟರ್ಟ್ ಎಂಬ ಜೀನ್ ಕೂಡ ಹಾಗೆಯೇ. ವೈಲ್ಡ್‌ಟೈಪ್ ಗ್ಲಯೊಬ್ಲಾಸ್ಟೊಮಾಗಳಲ್ಲಿ ಹೆಚ್ಚಿನವುಗಳಲ್ಲಿ ಟರ್ಟ್ ಪ್ರೊಮೋಟರ್ ಮ್ಯುಟೇಶನ್, ಅಂದರೆ ಆ ಜೀನ್ ಶುರುವಾಗುವ ಜಾಗದಲ್ಲಿ ಬದಲಾವಣೆ, ಇದ್ದೇ ಇರುತ್ತದೆ. 2021ರ ನಿಯಮದ ಪ್ರಕಾರ, ಐಡಿಎಚ್ ಮ್ಯುಟೇಶನ್ ಇಲ್ಲದ ವಯಸ್ಕರ ಆಸ್ಟ್ರೊಸೈಟೊಮಾ ಸೂಕ್ಷ್ಮದರ್ಶಕದಲ್ಲಿ ಸೌಮ್ಯವಾಗಿ ಕಂಡರೂ, ಟರ್ಟ್ ಮ್ಯುಟೇಶನ್ ಇದ್ದರೆ, ಅಥವಾ ಇಜಿಎಫ್‌ಆರ್ ಜೀನ್‌ನ ಪ್ರತಿಗಳು ಹೆಚ್ಚಿದ್ದರೆ, ಅಥವಾ 7ನೇ ಕ್ರೋಮೊಸೋಮ್ ಒಂದು ಹೆಚ್ಚಾಗಿ 10ನೆಯದು ಕಳೆದುಹೋಗಿದ್ದರೆ, ಅದನ್ನು ಗ್ಲಯೊಬ್ಲಾಸ್ಟೊಮಾ ಎಂದೇ ಬರೆಯಬೇಕು. ಇದೇ ಟರ್ಟ್ ಮ್ಯುಟೇಶನ್ ಆಲಿಗೊಡೆಂಡ್ರೊಗ್ಲಯೊಮಾ ಎಂಬ ಇನ್ನೊಂದು ಮೆದುಳಿನ ಗೆಡ್ಡೆಯಲ್ಲೂ ಬಹುತೇಕ ಎಲ್ಲರಲ್ಲಿ ಇರುತ್ತದೆ, ಮತ್ತು ಆ ಗೆಡ್ಡೆಯ ರೋಗಿಗಳು ವಯಸ್ಕರ ಗ್ಲಯೊಮಾಗಳಲ್ಲೇ (ಈ ಬಗೆಯ ಮೆದುಳಿನ ಗೆಡ್ಡೆಗಳ ಒಟ್ಟು ಹೆಸರು) ಹೆಚ್ಚು ಕಾಲ ಬದುಕುವವರು. ಆದ್ದರಿಂದ ‘ಟರ್ಟ್ ಒಳ್ಳೆಯದೋ ಕೆಟ್ಟದ್ದೋ’ ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ಜೊತೆಗೆ ಯಾರಿದ್ದಾರೆ ಎಂದು ನೋಡಬೇಕು. ಐಡಿಎಚ್ ಮ್ಯುಟೇಶನ್, 1ಪಿ/19ಕ್ಯು ಡಿಲೀಶನ್ (1 ಮತ್ತು 19ನೇ ಕ್ರೋಮೊಸೋಮ್‌ಗಳ ತಲಾ ಒಂದು ಭಾಗ ಕಳೆದುಹೋಗಿರುವುದು) ಜೊತೆಗಿದ್ದರೆ ಅದರ ಅರ್ಥ ಒಂದು, ಒಂಟಿಯಾಗಿದ್ದರೆ ಇನ್ನೊಂದು.

ಉಳಿದ ಎರಡು ಸಾಲುಗಳಿಗೆ ಹೆಚ್ಚು ಮಾತು ಬೇಡ. ಎಟಿಆರ್‌ಎಕ್ಸ್ ರಿಟೇನ್ಡ್ ಅಂದರೆ ಆ ಪ್ರೋಟೀನ್ ಉಳಿದಿದೆ. ಐಡಿಎಚ್ ಮ್ಯುಟೆಂಟ್ ಆಸ್ಟ್ರೊಸೈಟೊಮಾದಲ್ಲಿ ಅದು ಸಾಮಾನ್ಯವಾಗಿ ಕಳೆದುಹೋಗಿರುತ್ತದೆ, ಇಲ್ಲಿ ಹಾಗಾಗಿಲ್ಲ. ಕೆಐ-67 ಎಂದರೆ ಎಷ್ಟು ಕೋಶಗಳು ವಿಭಜನೆಯಲ್ಲಿ ತೊಡಗಿವೆ ಎಂಬ ಅಂದಾಜು. ಗ್ರೇಡ್ 4 ಎಂದು ತೀರ್ಮಾನವಾದ ಮೇಲೆ ಅದು 20 ಇದ್ದರೂ 30 ಇದ್ದರೂ ಬದುಕಿನ ಲೆಕ್ಕ ಬದಲಾಗುವುದಿಲ್ಲ. ಮನೆಯವರು ಈ ಶೇಕಡಾವಾರು ನೋಡಿ ಹೆದರಿ ಬರುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ನಿಜ ಹೇಳಬೇಕೆಂದರೆ ರಿಪೋರ್ಟ್ ಬರೆಯುವ ನಮ್ಮವರು ಅದನ್ನು ಮನೆಯವರ ಕಣ್ಣಿಗೆ ಬೀಳುವಂತೆ ದಪ್ಪ ಅಕ್ಷರದಲ್ಲಿ ಹಾಕುವ ಅಗತ್ಯವೇ ಇಲ್ಲ.

ಈಗ ಎಂಜಿಎಂಟಿ. ಗ್ಲಯೊಬ್ಲಾಸ್ಟೊಮಾಗೆ ಆಪರೇಶನ್ ಆದ ಮೇಲೆ ಕೊಡುವ ಮುಖ್ಯ ಕಿಮೊ ಟೆಮೊಝೊಲೊಮೈಡ್ ಎಂಬ ಕ್ಯಾಪ್ಸೂಲ್. ಅದು ಗೆಡ್ಡೆಯ ಕೋಶದ ಡಿಎನ್‌ಎಗೆ, ಗ್ವಾನಿನ್ ಎಂಬ ಅಕ್ಷರದ ಒಂದು ನಿರ್ದಿಷ್ಟ ಜಾಗದಲ್ಲಿ, ಮಿಥೈಲ್ ಗುಂಪೊಂದನ್ನು ಅಂಟಿಸುತ್ತದೆ. ಅದನ್ನು ಸರಿಪಡಿಸಲಾಗದೆ ಕೋಶ ಸಾಯುತ್ತದೆ. ಆದರೆ ನಮ್ಮ ಕೋಶಗಳಲ್ಲಿ ಈ ಗಾಯವನ್ನು ವಾಸಿಮಾಡಲೆಂದೇ ಎಂಜಿಎಂಟಿ ಎಂಬ ಪ್ರೋಟೀನ್ ಇದೆ. ಅಂಟಿದ ಮಿಥೈಲನ್ನು ಅದು ಕಿತ್ತು ತನ್ನ ಮೈಮೇಲೆ ಹಾಕಿಕೊಳ್ಳುತ್ತದೆ. ಒಂದು ಸಲ ಹಾಗೆ ಮಾಡಿದ ಅಣು ಮತ್ತೆ ಕೆಲಸಕ್ಕೆ ಬರುವುದಿಲ್ಲ, ಕೋಶ ಹೊಸದನ್ನು ತಯಾರಿಸಬೇಕು. ಗೆಡ್ಡೆಯಲ್ಲಿ ಎಂಜಿಎಂಟಿ ಹೇರಳವಾಗಿದ್ದರೆ ಔಷಧಿ ಮಾಡಿದ ಗಾಯ ಮಾಡಿದ ಹಾಗೇ ಮಾಯುತ್ತದೆ. ಕೆಲವು ಗೆಡ್ಡೆಗಳಲ್ಲಿ ಆ ಜೀನ್ ಶುರುವಾಗುವ ಜಾಗ, ಅಂದರೆ ಪ್ರೊಮೋಟರ್, ಮಿಥೈಲ್ ಗುಂಪುಗಳಿಂದ ಮುಚ್ಚಿಹೋಗಿರುತ್ತದೆ. ಜೀನ್ ಸುಮ್ಮನಾಗುತ್ತದೆ, ಪ್ರೋಟೀನ್ ತಯಾರಾಗುವುದಿಲ್ಲ, ಔಷಧಿಗೆ ದಾರಿ ಸಿಗುತ್ತದೆ. ನಿಮ್ಮ ತಾಯಿಯವರ ರಿಪೋರ್ಟ್‌ನಲ್ಲಿ ‘ಮಿಥೈಲೇಟೆಡ್’ ಅಂದರೆ ಇದೇ. ಔಷಧಿ ಅಂಟಿಸುವ ಮಿಥೈಲ್, ಪ್ರೊಮೋಟರ್ ಮೇಲೆ ಕೂತ ಮಿಥೈಲ್ ಎರಡೂ ಬೇರೆ. ವೈದ್ಯ ವಿದ್ಯಾರ್ಥಿಗಳೂ ಇಲ್ಲಿ ತಡವರಿಸುತ್ತಾರೆ.

ಇದು ಬರೀ ತರ್ಕವಾಗಿ ಉಳಿದಿಲ್ಲ. 2005ರಲ್ಲಿ ರೋಜರ್ ಸ್ಟುಪ್ ಮುಂದಾಳತ್ವದಲ್ಲಿ ಪ್ರಕಟವಾದ, 573 ರೋಗಿಗಳ ದೊಡ್ಡ ಪ್ರಯೋಗದಲ್ಲಿ ರೇಡಿಯೇಶನ್ ಮಾತ್ರ ಪಡೆದವರ ಬದುಕಿನ ಮಧ್ಯಾಂಕ (ಅರ್ಧ ಜನ ದಾಟಿದ ಕಾಲ) 12.1 ತಿಂಗಳು, ಟೆಮೊಝೊಲೊಮೈಡ್ ಸೇರಿಸಿದವರದು 14.6 ತಿಂಗಳು. ಇಂದಿಗೂ ಎಲ್ಲೆಡೆ ಕೊಡುವ ಚಿಕಿತ್ಸೆ ಈ ಪ್ರಯೋಗದಿಂದಲೇ ಬಂದದ್ದು: ಆರು ವಾರ ರೇಡಿಯೇಶನ್, ಅದರ ಜೊತೆಗೆ ಪ್ರತಿದಿನ ಕ್ಯಾಪ್ಸೂಲ್, ಆಮೇಲೆ 28 ದಿನಕ್ಕೆ ಐದು ದಿನದಂತೆ ಆರು ಸುತ್ತು. ಅದೇ ರೋಗಿಗಳಲ್ಲಿ 206 ಮಂದಿಯ ಗೆಡ್ಡೆಯನ್ನು ಮೋನಿಕಾ ಹೆಗಿ ಎಂಜಿಎಂಟಿಗಾಗಿ ಪರೀಕ್ಷಿಸಿದರು. ಮಿಥೈಲೇಟೆಡ್ ಇದ್ದು ಎರಡೂ ಚಿಕಿತ್ಸೆ ಪಡೆದವರ ಮಧ್ಯಾಂಕ 21.7 ತಿಂಗಳು. ಮಿಥೈಲೇಟೆಡ್ ಇಲ್ಲದವರಲ್ಲಿ ಅದೇ ಚಿಕಿತ್ಸೆಗೆ 12.7 ತಿಂಗಳು, ಕ್ಯಾಪ್ಸೂಲ್ ಇಲ್ಲದೆ 11.8. ಎರಡು ವರ್ಷ ದಾಟಿದವರು ಮೊದಲ ಗುಂಪಿನಲ್ಲಿ 46%.

ಈ ಅಂಕಿಗಳಲ್ಲಿ ಎರಡು ಬೇರೆ ವಿಷಯಗಳಿವೆ. ರೇಡಿಯೇಶನ್ ಮಾತ್ರ ಪಡೆದ ಮಿಥೈಲೇಟೆಡ್ ರೋಗಿಗಳ ಮಧ್ಯಾಂಕವೂ 15.3 ತಿಂಗಳಿತ್ತು, ಅಂದರೆ ಮಿಥೈಲೇಟೆಡ್ ಇಲ್ಲದ ಗುಂಪಿಗಿಂತ ಜಾಸ್ತಿ. ಹೀಗೆ ಯಾವ ಚಿಕಿತ್ಸೆ ಕೊಟ್ಟರೂ ಫಲಿತಾಂಶ ಹೇಗಿರಬಹುದು ಎಂದು ಹೇಳುವುದು ಒಂದು ಗುಣ. ಇದೇ ಔಷಧಿ ಈ ರೋಗಿಗೆ ಕೆಲಸ ಮಾಡುತ್ತದೆಯೇ ಎಂದು ಹೇಳುವುದು ಇನ್ನೊಂದು ಗುಣ. ಮೊದಲನೆಯದು ಮಾತ್ರ ಇರುವ ಮಾರ್ಕರ್‌ಗಳು, ಅಂದರೆ ಗೆಡ್ಡೆಯಲ್ಲಿ ಪರೀಕ್ಷಿಸುವ ಗುರುತುಗಳು, ನೂರಾರಿವೆ. ಎರಡನೆಯದೂ ಇರುವವು ಮೆದುಳಿನ ಗೆಡ್ಡೆಯಲ್ಲಿ ಬೆರಳೆಣಿಕೆಯಷ್ಟು. ಎಂಜಿಎಂಟಿ ಒಂದು. 1ಪಿ/19ಕ್ಯು ಡಿಲೀಶನ್ ಇನ್ನೊಂದು: ಅದಿದ್ದ ಗೆಡ್ಡೆಯವರಿಗೆ ರೇಡಿಯೇಶನ್ ಜೊತೆ ಪಿಸಿವಿ ಎಂಬ ಮೂರು ಔಷಧಿಗಳ ಕಿಮೊ ಸೇರಿಸಿದಾಗ ಬದುಕಿನ ಮಧ್ಯಾಂಕ 7.3 ವರ್ಷದಿಂದ 14.7 ವರ್ಷಕ್ಕೆ ಏರಿದ್ದು ಅಮೆರಿಕದ ಪ್ರಯೋಗವೊಂದರಲ್ಲಿ 2013ರಲ್ಲಿ ವರದಿಯಾಯಿತು. ಒಂದು ಪರೀಕ್ಷೆಗೆ ದುಡ್ಡು ಕೊಡುವ ಮೊದಲು ‘ಇದರ ಉತ್ತರದಿಂದ ಚಿಕಿತ್ಸೆ ಬದಲಾಗುತ್ತದೆಯೇ’ ಎಂದು ಕೇಳಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ನೀವು ನಿಜವಾಗಿ ಕೇಳಿರುವುದು ‘ಎಷ್ಟು ಸಮಯ’ ಎಂದು. 21.7 ತಿಂಗಳು ಎಂಬುದು ನಿಮ್ಮ ತಾಯಿಯವರ ಆಯಸ್ಸಿನ ಅಂದಾಜು ಎಂದು ದಯವಿಟ್ಟು ಓದಿಕೊಳ್ಳಬೇಡಿ. ಮಧ್ಯಾಂಕ ಎಂದರೆ ಗುಂಪಿನ ಅರ್ಧ ಜನ ಅದಕ್ಕಿಂತ ಮೊದಲು, ಇನ್ನರ್ಧ ಜನ ಅದಕ್ಕಿಂತ ಆಮೇಲೆ. ಆಮೇಲಿನ ಅರ್ಧದ ಬಾಲ ಉದ್ದವಾಗಿದೆ: ಅದೇ ಪ್ರಯೋಗದ ರೋಗಿಗಳನ್ನು ಮುಂದೆ ಹಿಂಬಾಲಿಸಿದಾಗ, ಎರಡೂ ಚಿಕಿತ್ಸೆ ಪಡೆದವರಲ್ಲಿ ಐದು ವರ್ಷಕ್ಕೆ 9.8% ಜನ ಬದುಕಿದ್ದರು. ರೇಡಿಯೇಶನ್ ಮಾತ್ರ ಪಡೆದವರಲ್ಲಿ 1.9%. ಆಮೇಲಿನ ಅರ್ಧಕ್ಕೆ ಸೇರುವವರು ಯಾರು ಎಂದು ಎಂಜಿಎಂಟಿ ಸ್ವಲ್ಪ ಮಟ್ಟಿಗೆ ಹೇಳುತ್ತದೆ, ಪೂರ್ತಿ ಹೇಳುವುದಿಲ್ಲ. ವಯಸ್ಸು, ಆಪರೇಶನ್‌ನಲ್ಲಿ ಎಷ್ಟು ತೆಗೆಯಲಾಯಿತು, ಆಮೇಲೆ ರೋಗಿ ತನ್ನ ಕೆಲಸ ತಾನು ಎಷ್ಟು ಮಾಡಿಕೊಳ್ಳುತ್ತಾರೆ ಎಂಬ ಮೂರು ಸಂಗತಿಗಳು ಯಾವ ಜೀನ್‌ಗೂ ಕಡಿಮೆ ಇಲ್ಲದಷ್ಟು ತೂಕದವು. ಈ ಮೂರರಲ್ಲಿ ಎರಡಾದರೂ ನಿಮ್ಮ ತಾಯಿಯವರ ಪರವಾಗಿವೆ: 52 ಈ ಕಾಯಿಲೆಗೆ ಚಿಕ್ಕ ವಯಸ್ಸೇ, ಕಾಣುವಷ್ಟನ್ನು ತೆಗೆದಿದ್ದಾರೆ. ಮೂರನೆಯದನ್ನು ನೀವು ಬರೆದಿಲ್ಲ. ಹಾಗೆಂದು ಗುಣವಾಗುತ್ತದೆ ಎಂದು ನಾನು ಹೇಳಿದರೆ ಸುಳ್ಳಾಗುತ್ತದೆ. ಬಹುತೇಕ ಎಲ್ಲರಲ್ಲೂ ಈ ಗೆಡ್ಡೆ ಮರಳಿ ಬರುತ್ತದೆ. ಬ್ಯಾಂಕಿನ ಕೆಲಸ, ಜಮೀನಿನ ಕಾಗದ, ಮದುವೆಯ ಮಾತುಕತೆ ಇಂಥವು ಬಾಕಿ ಇದ್ದರೆ ಅವರು ಚೆನ್ನಾಗಿರುವಾಗಲೇ, ಅವರನ್ನೂ ಕೂಡಿಸಿಕೊಂಡು ಮಾಡಿ.

ಎಂಜಿಎಂಟಿ ಬಗ್ಗೆ ಇನ್ನೊಂದು ತೊಡಕನ್ನೂ ಹೇಳಬೇಕು. ರಿಪೋರ್ಟ್‌ನಲ್ಲಿ ‘ಇದೆ’ ಅಥವಾ ‘ಇಲ್ಲ’ ಎಂದು ಬರೆದರೂ ಒಳಗೆ ಅದು ಏರಿಳಿತದ ಅಳತೆ. ಕೆಲವು ಲ್ಯಾಬ್‌ಗಳು ಪಿಸಿಆರ್‌ನಲ್ಲಿ ಹೌದು ಅಥವಾ ಇಲ್ಲ ಎನ್ನುತ್ತವೆ, ಕೆಲವು ಪೈರೊಸೀಕ್ವೆನ್ಸಿಂಗ್ ಮಾಡಿ ಶೇಕಡಾವಾರು ಕೊಡುತ್ತವೆ. ಎಷ್ಟರ ಮೇಲೆ ‘ಮಿಥೈಲೇಟೆಡ್’ ಎನ್ನಬೇಕು ಎಂಬ ಗೆರೆ ಲ್ಯಾಬ್‌ನಿಂದ ಲ್ಯಾಬ್‌ಗೆ ಬೇರೆ. ಗೆರೆಯ ಹತ್ತಿರ ಇರುವವರ ಫಲಿತಾಂಶವೂ ನಡುವೆಯೇ ಇರುತ್ತದೆ. ಶೇಕಡಾವಾರು ಇದ್ದರೆ ಕೇಳಿಟ್ಟುಕೊಳ್ಳಿ. ಸ್ಪಷ್ಟವಾಗಿ ಮಿಥೈಲೇಟೆಡ್ ಆಗಿದ್ದರೆ ವೈದ್ಯರೊಡನೆ ಇನ್ನೊಂದು ಮಾತೂ ಎತ್ತಬಹುದು. ಜರ್ಮನಿಯಲ್ಲಿ ಇಂಥ ರೋಗಿಗಳಿಗೇ ಟೆಮೊಝೊಲೊಮೈಡ್ ಜೊತೆ ಲೊಮುಸ್ಟಿನ್ ಎಂಬ ಇನ್ನೊಂದು ಕಿಮೊ ಸೇರಿಸಿ ನೋಡಿದ ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು, ಮಧ್ಯಾಂಕ 31.4 ತಿಂಗಳಿಂದ 48.1ಕ್ಕೆ ಏರಿತ್ತು. ಅಂಕಿ ಕಣ್ಣು ಕುಕ್ಕುವಂತಿದೆ, ಆದರೆ ಲೆಕ್ಕಕ್ಕೆ ಬಂದವರು 129 ಜನ ಮಾತ್ರ, ಅಡ್ಡ ಪರಿಣಾಮವೂ ಹೆಚ್ಚು. ಹಾಗಾಗಿ ಎಲ್ಲ ಕಡೆ ಇದನ್ನು ಕೊಡುವುದಿಲ್ಲ. ನಾನಾದರೆ ರೋಗಿ ಗಟ್ಟಿಮುಟ್ಟಾಗಿದ್ದರೆ ಮಾತ್ರ ಯೋಚಿಸುತ್ತೇನೆ.

ಇನ್ನು ನೂರಾರು ಜೀನ್‌ನ ಪರೀಕ್ಷೆ. ಜೀನ್‌ಗಳ ಪಟ್ಟಿ ಉದ್ದವಾದಷ್ಟೂ ಭವಿಷ್ಯ ನಿಖರವಾಗುತ್ತದೆ ಎಂಬ ನಂಬಿಕೆ ಸಹಜ. ಆ ದಾರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಗಟ್ಟಿ ಕೆಲಸ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಕುಮಾರವೇಲ್ ಸೋಮಸುಂದರಂ, ನಿಮ್ಹಾನ್ಸ್‌ನ ನ್ಯೂರೊಪ್ಯಾಥಾಲಜಿಯ ವಾಣಿ ಸಂತೋಷ್ ಮತ್ತು ಅವರ ಸಂಗಡಿಗರು 14 ಜೀನ್‌ಗಳ ಚಟುವಟಿಕೆ ನೋಡಿ ಗ್ಲಯೊಬ್ಲಾಸ್ಟೊಮಾ ರೋಗಿಗಳನ್ನು ಹೆಚ್ಚು ಅಪಾಯ, ಕಡಿಮೆ ಅಪಾಯ ಎಂದು ವಿಂಗಡಿಸುವ ಸೂತ್ರವನ್ನು 2013ರಲ್ಲಿ ಪ್ರಕಟಿಸಿದರು. ಅದಕ್ಕೂ ಮುಂಚೆ 2011ರಲ್ಲಿ ಸೋಮಸುಂದರಂ ತಂಡ ಹತ್ತು ಮೈಕ್ರೊ-ಆರ್‌ಎನ್‌ಎಗಳ (ಜೀನ್‌ಗಳ ಚಟುವಟಿಕೆ ನಿಯಂತ್ರಿಸುವ ಪುಟ್ಟ ಅಣುಗಳು) ಇಂಥದೇ ಸೂತ್ರ ಕೊಟ್ಟಿತ್ತು. ಜಗತ್ತಿನ ಬೇರೆ ಕಡೆಗಳಿಂದಲೂ ಇಂಥವು ಬಂದಿವೆ. ಗೆಡ್ಡೆ ಯಾಕೆ ಉಗ್ರವಾಗುತ್ತದೆ, ಅದರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯ ಪಾತ್ರವೇನು ಎಂದು ತಿಳಿಯಲು ಇವು ಸಹಾಯ ಮಾಡಿವೆ. ಆದರೂ ನಿಮ್ಮ ತಾಯಿಯವರ ರಿಪೋರ್ಟ್‌ನಲ್ಲಿ ಇಂಥ ಸೂತ್ರ ಒಂದೂ ಇಲ್ಲ.

ಕಾರಣ ಸೋಮಾರಿತನವಲ್ಲ. ಫಾರ್ಮಲಿನ್‌ನಲ್ಲಿಟ್ಟು ಮೇಣದಲ್ಲಿ ಹುದುಗಿಸಿದ ತುಣುಕಿನಲ್ಲಿ ಆರ್‌ಎನ್‌ಎ, ಅಂದರೆ ಜೀನ್‌ಗಳ ಚಟುವಟಿಕೆ ಅಳೆಯಲು ಬೇಕಾದ ಅಣು, ಚೂರುಚೂರಾಗಿರುತ್ತದೆ. ಒಂದು ಲ್ಯಾಬ್‌ನ ಅಳತೆ ಇನ್ನೊಂದು ಲ್ಯಾಬ್‌ಗೆ ಹೊಂದುವಂತೆ ಮಾಡುವುದು ಕಷ್ಟ. ಅದಕ್ಕಿಂತ ದೊಡ್ಡ ಕಾರಣ ಗೆಡ್ಡೆಯ ಸ್ವಭಾವ. ಒಂದೇ ಗ್ಲಯೊಬ್ಲಾಸ್ಟೊಮಾದ ಎರಡು ಮೂಲೆಯಿಂದ ಚೂರು ತೆಗೆದರೆ ಜೀನ್‌ಗಳ ಚಟುವಟಿಕೆ ಎರಡು ತರ ಇರಬಹುದು. ಕೊನೆಗೆ, ಹೆಚ್ಚು ಅಪಾಯದ ಗುಂಪು ಎಂದು ಗೊತ್ತಾದರೆ ಕೊಡುವುದೇನು? ಅದೇ ರೇಡಿಯೇಶನ್, ಅದೇ ಕ್ಯಾಪ್ಸೂಲ್. ಇಜಿಎಫ್‌ಆರ್‌ನ ಕಥೆಯೂ ಇದೇ. ಗ್ಲಯೊಬ್ಲಾಸ್ಟೊಮಾದಲ್ಲಿ ಅಷ್ಟು ಸಾಮಾನ್ಯವಾಗಿ ಕಾಣುವ ಬದಲಾವಣೆ, ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಅದರ ಮೇಲೆ ಒಳ್ಳೆಯ ಮಾತ್ರೆಗಳಿವೆ. ಮೆದುಳಿನಲ್ಲಿ ಮಾತ್ರ ಅಂಥ ಮಾತ್ರೆಗಳೂ, ರಿಂಡೊಪೆಪಿಮಟ್ ಎಂಬ ಲಸಿಕೆಯೂ ಸೋತವು.

ಹಾಗಾದರೆ ಎನ್‌ಜಿಎಸ್ ಬೇಡವೇ? ಎಲ್ಲರಿಗೂ ಬೇಡ, ನಿಮ್ಮ ತಾಯಿಯವರಿಗೆ ಮಾತ್ರ ಒಂದು ಸಣ್ಣ ಪ್ರಶ್ನೆ ಉಳಿದಿದೆ. ಐಡಿಎಚ್ ಮ್ಯುಟೇಶನ್ ಇಲ್ಲ ಎಂದು ಯಾವ ಪರೀಕ್ಷೆಯಿಂದ ಹೇಳಿದರು? ಹೆಚ್ಚಿನ ಕಡೆ ಮೊದಲು ಮಾಡುವುದು ಐಎಚ್‌ಸಿ, ಸ್ಲೈಡಿಗೆ ಬಣ್ಣ ಹಾಕಿ ನೋಡುವ ಅಗ್ಗದ ಪರೀಕ್ಷೆ. ಅದು ಐಡಿಎಚ್1ರ ಆರ್132ಎಚ್ ಎಂಬ ಒಂದೇ ಮ್ಯುಟೇಶನ್ನನ್ನು ಹಿಡಿಯುತ್ತದೆ. ಐಡಿಎಚ್ ಮ್ಯುಟೇಶನ್‌ಗಳಲ್ಲಿ ಬಹುಪಾಲು ಅದೇ, ಆದರೆ ಎಲ್ಲವೂ ಅಲ್ಲ. ರೋಗಿಗೆ 55 ದಾಟಿದ್ದು, ಗೆಡ್ಡೆ ಸೂಕ್ಷ್ಮದರ್ಶಕದಲ್ಲಿ ಗ್ಲಯೊಬ್ಲಾಸ್ಟೊಮಾದಂತೆಯೇ ಇದ್ದರೆ ಐಎಚ್‌ಸಿ ಸಾಕು ಎಂದು ವರ್ಗೀಕರಣದ ನಿಯಮ ಒಪ್ಪುತ್ತದೆ. 55ಕ್ಕಿಂತ ಕಡಿಮೆ ಇದ್ದರೆ ಐಡಿಎಚ್1, ಅದರ ಜೊತೆಗಾರ ಜೀನ್ ಐಡಿಎಚ್2 ಎರಡನ್ನೂ ಸೀಕ್ವೆನ್ಸಿಂಗ್ ಮಾಡಿ, ಅಂದರೆ ಜೀನ್‌ನ ಅಕ್ಷರಗಳನ್ನೇ ಓದಿ, ನೋಡುವುದು ಕ್ರಮ. ನಿಮ್ಮ ತಾಯಿಯವರಿಗೆ 52. ಟರ್ಟ್ ಇದೆ, ಎಟಿಆರ್‌ಎಕ್ಸ್ ಉಳಿದಿದೆ. ಮೇಲೆ ಹೇಳಿದಂತೆ ಈ ಜೋಡಿ ಆಲಿಗೊಡೆಂಡ್ರೊಗ್ಲಯೊಮಾದಲ್ಲೂ ಕಾಣಬಹುದು. ಅವರದು ಅದೇ ಆಗಿರುವ ಸಾಧ್ಯತೆ ಬಹಳ ಕಡಿಮೆ, ಆದರೆ ಆಗಿದ್ದರೆ ಕಾಯಿಲೆಯ ಹೆಸರು, ಔಷಧಿ, ವರ್ಷಗಳ ಲೆಕ್ಕ ಎಲ್ಲವೂ ಬದಲಾಗುತ್ತವೆ. ಆದ್ದರಿಂದ ಸೀಕ್ವೆನ್ಸಿಂಗ್ ಆಗಿದೆಯೇ ಎಂದು ಕೇಳಿ, ಆಗಿಲ್ಲದಿದ್ದರೆ ಮಾಡಿಸಿ. ಐಡಿಎಚ್ ಒಂದನ್ನೇ ನೋಡುವ ಪರೀಕ್ಷೆಯ ಖರ್ಚು ನೂರಾರು ಜೀನ್ ನೋಡುವ ದೊಡ್ಡ ಪ್ಯಾನೆಲ್‌ಗಿಂತ ಬಹಳ ಕಡಿಮೆ.

ಖರ್ಚು ಭಾರವಾಗದಿದ್ದರೆ ದೊಡ್ಡ ಪ್ಯಾನೆಲ್‌ನಿಂದ ಇನ್ನೊಂದು ಉಪಯೋಗವಿದೆ. ಬಿಆರ್‌ಎಎಫ್ ವಿ600ಇ, ಎನ್‌ಟಿಆರ್‌ಕೆ ಫ್ಯೂಶನ್‌ನಂಥ ಬದಲಾವಣೆಗಳು ಗ್ಲಯೊಬ್ಲಾಸ್ಟೊಮಾದಲ್ಲಿ ಅಪರೂಪಕ್ಕೆ ಸಿಗುತ್ತವೆ, ಅವುಗಳಿಗೆ ನಿರ್ದಿಷ್ಟ ಮಾತ್ರೆಗಳಿವೆ. ಸಿಕ್ಕರೆ ಗೆಡ್ಡೆ ಮರಳಿದಾಗ ಕೈಯಲ್ಲಿ ಒಂದು ದಾರಿ ಇರುತ್ತದೆ. ಸಿಗುವುದು ನೂರರಲ್ಲಿ ಕೆಲವೇ ಜನರಿಗೆ. ಚಿನ್ನ ಅಡವಿಟ್ಟು ಮಾಡಿಸುವ ಪರೀಕ್ಷೆ ಇದಲ್ಲ. ಆಯಸ್ಸು ತಿಳಿಯಲಿಕ್ಕೆ ಎಂದಾದರೆ ಮಾಡಿಸಲೇಬೇಡಿ.

ಮಕ್ಕಳಾದ ನಿಮಗೂ ಬರುತ್ತದೆಯೇ ಎಂಬ ಪ್ರಶ್ನೆಗೆ: ಟರ್ಟ್, ಎಂಜಿಎಂಟಿ ಬದಲಾವಣೆಗಳು ಗೆಡ್ಡೆಯ ಕೋಶಗಳಲ್ಲಿ ಮಾತ್ರ ಆಗಿರುವಂಥವು, ತಾಯಿಯಿಂದ ಮಕ್ಕಳಿಗೆ ದಾಟುವಂಥವಲ್ಲ. ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲೇ ಹಲವರಿಗೆ ಸ್ತನ, ಕರುಳು, ಮೂಳೆ, ಮೆದುಳಿನ ಕ್ಯಾನ್ಸರ್ ಬಂದಿದ್ದರೆ ಮಾತು ಬೇರೆ. ಆಗ ಜೆನೆಟಿಕ್ ಕೌನ್ಸೆಲಿಂಗ್ ಬೇಕು. ಇಲ್ಲದಿದ್ದರೆ ನೀವು ಯಾವ ಪರೀಕ್ಷೆಯನ್ನೂ ಮಾಡಿಸಿಕೊಳ್ಳಬೇಕಿಲ್ಲ.

ನೀವು ಕೇಳದಿದ್ದರೂ ಮುಂದೆ ಕೆಲಸಕ್ಕೆ ಬರುವ ಒಂದು ವಿಷಯ ಹೇಳಿಬಿಡುತ್ತೇನೆ. ರೇಡಿಯೇಶನ್ ಮುಗಿದ ಮೊದಲ ಮೂರು ತಿಂಗಳೊಳಗೆ ಎಂಆರ್‌ಐ ಮಾಡಿದಾಗ ಕೆಲವರಲ್ಲಿ ಗೆಡ್ಡೆ ಬೆಳೆದಂತೆ ಕಾಣುತ್ತದೆ. ಚಿಕಿತ್ಸೆಯಿಂದ ಆದ ಊತ, ಸತ್ತ ಕೋಶಗಳ ಜಾಗ ಹಾಗೆ ತೋರುತ್ತದೆ. ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಇದಕ್ಕೆ ಸ್ಯೂಡೊಪ್ರೊಗ್ರೆಶನ್ ಎನ್ನುತ್ತಾರೆ, ಮತ್ತು ಇದು ಎಂಜಿಎಂಟಿ ಮಿಥೈಲೇಟೆಡ್ ಇರುವವರಲ್ಲೇ ಹೆಚ್ಚು. ಔಷಧಿ ಚೆನ್ನಾಗಿ ಕೆಲಸ ಮಾಡುತ್ತಿರುವಾಗಲೇ ‘ಕೆಲಸ ಮಾಡಲಿಲ್ಲ’ ಎಂದು ಕ್ಯಾಪ್ಸೂಲ್ ನಿಲ್ಲಿಸಿದವರನ್ನು ನಾನು ನೋಡಿದ್ದೇನೆ. ಆ ಸ್ಕ್ಯಾನ್ ಬಂದ ದಿನ ಎಂಜಿಎಂಟಿ ರಿಪೋರ್ಟ್ ಕೂಡ ಕೈಯಲ್ಲಿರಲಿ. ತಾಯಿಯವರ ಸ್ಥಿತಿ ಚೆನ್ನಾಗಿದ್ದರೆ, ನಾಲ್ಕರಿಂದ ಎಂಟು ವಾರ ಬಿಟ್ಟು ಇನ್ನೊಂದು ಎಂಆರ್‌ಐ ಮಾಡಿಸಿ ನಿರ್ಧರಿಸಬಹುದೇ ಎಂದು ವೈದ್ಯರನ್ನು ಕೇಳಿ.

ಆಪರೇಶನ್ ಆದ ಆಸ್ಪತ್ರೆಯ ಪ್ಯಾಥಾಲಜಿ ವಿಭಾಗದಲ್ಲಿ ಗೆಡ್ಡೆಯ ಮೇಣದ ಬ್ಲಾಕ್ ಇರುತ್ತದೆ. ಐಡಿಎಚ್ ಸೀಕ್ವೆನ್ಸಿಂಗ್ ಅದರಲ್ಲೇ ಮಾಡಬಹುದು, ಇನ್ನೊಂದು ಆಪರೇಶನ್ ಬೇಕಿಲ್ಲ. ಅರ್ಜಿ ಕೊಟ್ಟರೆ ಬ್ಲಾಕ್ ಮತ್ತು ಸ್ಲೈಡ್ ಎರಡನೇ ಅಭಿಪ್ರಾಯಕ್ಕೂ ಸಿಗುತ್ತವೆ. ಆದರೆ ಇದಕ್ಕಾಗಿ ರೇಡಿಯೇಶನ್ ಮುಂದಕ್ಕೆ ಹಾಕಬೇಡಿ. ಕೊಟ್ಟ ತಾರೀಖಿಗೆ ಅದು ಶುರುವಾಗಲಿ, ಬ್ಲಾಕಿನ ಓಡಾಟವನ್ನು ಮನೆಯ ಇನ್ನೊಬ್ಬರು ನೋಡಿಕೊಳ್ಳಲಿ.